ನಾಲ್ಕೂವರೆಯ ನಂತರ ಸಹಿ ಇಲ್ಲ

ಹೋದ ಸೋಮವಾರ ಮಗಳ ಹಳೆಯ ಶಾಲೆಯ ಪಾಲಕರ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಕ್ಕೋರ ಫೋಟೊ ಬಂತು. ಹಾರ ಹಾಕಿದ ಫೋಟೊ, ಕೆಳಗೆ ನಿಧನದ ಸುದ್ದಿ. ಮಧ್ಯಾಹ್ನದ ಹೊತ್ತಿಗೆ ಕೈಮುಗಿದ ಚಿತ್ರಗಳು ಸಾಲುಗಟ್ಟಿದವು. ಒಬ್ಬರು "ಶಿಸ್ತಿನ ಸಿಪಾಯಿ" ಎಂದು ಬರೆದರು, ಇನ್ನೊಬ್ಬರು "ತಾಯಿಯಂಥವರು" ಎಂದರು. ತಾಯಿ ಎಂದವರನ್ನು ನಾನು ಚೆನ್ನಾಗಿ ಬಲ್ಲೆ. ಮಗನಿಗೆ ತಡವಾಯಿತೆಂದು ಅಕ್ಕೋರು ಗೇಟು ಹಾಕಿಕೊಂಡ ದಿನ ಅವರು ಹೊರಗೆ ನಿಂತು ಆಡಿದ ಮಾತು ಇಲ್ಲಿ ಬರೆಯುವ ಹಾಗಿಲ್ಲ. ನಾನು ಏನೂ ಹಾಕಲಿಲ್ಲ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುವುದು ನನಗೂ ಗೊತ್ತು. ಆದರೆ ಅವರು ಇದ್ದಾಗ ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಈಗ ಇಲ್ಲವೆಂದ ಮಾತ್ರಕ್ಕೆ ಆಗಿಬಿಡುವುದೂ ಇಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ಮುಖ್ಯಶಿಕ್ಷಕಿ, ಹಾಗಾಗಿ ದೊಡ್ಡಕ್ಕೋರು. ಊರಿನ ಹೆಸರು ಬೇಡ. ಸವದತ್ತಿ ತಾಲೂಕು, ಉಗರಗೋಳಕ್ಕೆ ನಡೆದು ಹೋಗುವಷ್ಟು ದೂರ. ಊರಲ್ಲಿ ಅರ್ಧ ಜನ ಹೊಲ ನಂಬಿದವರು, ಉಳಿದರ್ಧ ನಮ್ಮ ಹಾಗೆ ಗುಡ್ಡದ ಮೇಲಿನ ದೇವಿಗೆ ಬರುವ ಭಕ್ತರನ್ನು ನಂಬಿದವರು. ನಮ್ಮದು ಉಗರಗೋಳದ ರಸ್ತೆಯಲ್ಲಿ ಕುಂಕುಮ, ಭಂಡಾರ, ಕಾಯಿ, ಕರ್ಪೂರದ ಅಂಗಡಿ. ಪಕ್ಕದ್ದು ಬೀಬಿಜಾನಳ ಬಳೆ ಅಂಗಡಿ, ಅವಳ ಗಂಡ ಟಂಟಂ ಆಟೊ ಓಡಿಸುತ್ತಾನೆ. ಅವಳ ಮಗಳು, ನನ್ನ ಮಗಳು ಒಂದೇ ವರ್ಗ. ಮಂಗಳವಾರ, ಶುಕ್ರವಾರ, ಹುಣ್ಣಿಮೆ, ಇವು ಬಂದರೆ ನಮಗೆ ಕೈ ಬಾಯಿಗೆ ಬರುವಷ್ಟು ಪುರುಸೊತ್ತು ಇರುವುದಿಲ್ಲ. ಹುಣ್ಣಿಮೆಯ ಆಚೆ ಎರಡು ದಿನ ಈಚೆ ಎರಡು ದಿನ ಯಾವ ವಾರ, ಯಾವ ತಾರೀಖು ಎಂದು ಕೇಳಿದರೆ ನಮ್ಮಲ್ಲಿ ಯಾರೂ ಹೇಳಲಾರರು.

ಇಂಥ ಊರಿಗೆ ಸಂಪಗಾಂವದ ಕಡೆಯ ಈ ಹೆಂಗಸು ಬಂದರು. ತೆಳ್ಳಗೆ, ಎತ್ತರ. ಗಡಿಯಾರವನ್ನು ಮುಂಗೈಯ ಒಳಬದಿಗೆ ಕಟ್ಟುತ್ತಿದ್ದರು. ಅದನ್ನು ನೋಡಬೇಕಾದಾಗ ಅಂಗೈ ತಿರುಗಿಸುತ್ತಿದ್ದರು, ಎದುರಿಗಿದ್ದವರಿಗೆ ಏನೋ ಬೇಡ ಅಂದ ಹಾಗೆ ಕಾಣುತ್ತಿತ್ತು. ದನಿ ಏರಿಸಿದ್ದನ್ನು ನಾನು ಒಂದು ಸಲವೂ ಕೇಳಿಲ್ಲ. ಏರಿಸಿದ್ದರೆ ಎಷ್ಟೋ ಚೆನ್ನಾಗಿತ್ತು, ನಾವೂ ಏರಿಸಬಹುದಿತ್ತು. ಮೆಲ್ಲಗೆ ಮಾತಾಡಿ ಮನುಷ್ಯರನ್ನು ಸಣ್ಣವರನ್ನಾಗಿ ಮಾಡುವ ವಿದ್ಯೆ ಅವರಿಗೆ ಸಿದ್ಧಿಸಿತ್ತು. ಊರಿನಲ್ಲಿ ಒಬ್ಬರ ಹೆಸರನ್ನೂ ಅವರು ಕಲಿಯಲಿಲ್ಲ. ಎಲ್ಲರೂ ಅವರಿಗೆ "ಪಾಲಕರು". ಸಂತೆಯಲ್ಲಿ ಬದನೆಕಾಯಿ ಆರಿಸುತ್ತ ಎದುರಾದರೂ, "ಏನ್ ಪಾಲಕರ, ಹುಡುಗಿ ಉಗುರು ಕತ್ತರಿಸೀರೇನು?" ಅನ್ನುತ್ತಿದ್ದರು. ಸುತ್ತಲಿನವರು ನನ್ನ ಬೆರಳು ನೋಡುತ್ತಿದ್ದರು.

ಬಂದ ಮೊದಲ ವಾರವೇ ಗೇಟಿನ ಪಕ್ಕದ ಗೋಡೆಗೆ ಕರಿಹಲಗೆ ಹೊಡೆಸಿದರು. ಊರವರ ಬಾಯಲ್ಲಿ ಅದು ಬೋರ್ಡು. ಶಾಲೆಗೆ ಸಂಬಂಧಪಟ್ಟ ಪ್ರತಿಯೊಂದು ಮಾತೂ ಅದರ ಮೇಲೆ ಬರಬೇಕು, ಬಾಯಲ್ಲಿ ಯಾರಿಗೂ ಹೇಳುವುದಿಲ್ಲ. ನಾಳೆ ಶನಿವಾರ, ಮುಂಜಾನೆ ಶಾಲೆ. ಬುಧವಾರ ಜಂತುಹುಳದ ಮಾತ್ರೆ, ಮಕ್ಕಳಿಗೆ ಉಣ್ಣಿಸಿ ಕಳಿಸಿರಿ. ಹಾಲು ಕುಡಿಯುವ ಲೋಟ ಮನೆಯಿಂದ ತರಬೇಕು, ಅದರ ಮೇಲೆ ಹೆಸರಿರಬೇಕು. ಗೇಟು ಒಂಬತ್ತು ಐವತ್ತಕ್ಕೆ ಹಾಕಲಾಗುವುದು. ಪಾಲಕರ ಕೆಲಸವಿದ್ದರೆ ಸಂಜೆ ನಾಲ್ಕರಿಂದ ನಾಲ್ಕೂವರೆ. ಅಕ್ಷರವೇನೋ ಮುತ್ತಿನಂತಿತ್ತು, ಸುಳ್ಳು ಹೇಳಲಾರೆ. ವಾಟ್ಸಾಪ್ ಗುಂಪಿದೆಯಲ್ಲ, ಅದರಲ್ಲೇ ಹಾಕಿಬಿಡಿ ಎಂದು ಮೀಟಿಂಗಿನಲ್ಲಿ ನಾನೇ ಕೇಳಿದ್ದೆ.

"ಮೊಬೈಲ್ ಎಲ್ಲರ ಮನ್ಯಾಗ ಇಲ್ರಿ ಪಾಲಕರ. ಗೇಟಿನ ಮುಂದ ಎಲ್ಲಾರೂ ಹಾಯ್ದು ಹೋಗ್ತೀರಿ."

"ಹಾಯ್ದು ಹೋಗೂದು ಅಂದ್ರ, ನಿಂತು ಓದಾಕ ಟೈಮ್ ಬೇಕಲ್ರಿ ಅಕ್ಕೋರ."

ಅವರು ಅಂಗೈ ತಿರುಗಿಸಿ ಗಡಿಯಾರ ನೋಡಿದರು. "ಒಂದು ನಿಮಿಷ ಸಾಕ್ರಿ."

ಅಷ್ಟೇ. ಎಲ್ಲರೆದುರು ನನ್ನ ಮುಖಕ್ಕೆ ನೀರು ಚಿಮುಕಿಸಿದಂತಾಯಿತು.

ರಜೆ ಬೇಕಾದರೆ ಹಿಂದಿನ ದಿನವೇ ಚೀಟಿ ಕೊಡಬೇಕು ಎಂಬುದು ಅವರ ಇನ್ನೊಂದು ಕಾನೂನು. ಬೀಬಿಜಾನಳಿಗೆ ಓದು ಬರಹ ಇಲ್ಲ, ಆದರೆ ಬಾಯಿ ಜೋರು. ಅವಳೊಮ್ಮೆ ಗೇಟಿನಲ್ಲಿ ನಿಂತು ಕೇಳಿಯೇಬಿಟ್ಟಳು: "ಜ್ವರಾ ಏನ್ ಹಿಂದಿನ ದಿನಾ ಹೇಳಿ ಬರ್ತಾವೇನ್ರಿ ಅಕ್ಕೋರ?"

"ಜ್ವರಾ ಹೇಳಿ ಬರಂಗಿಲ್ರಿ. ಹುಣ್ಣಿವಿ ಹೇಳೇ ಬರ್ತೈತಿ. ಇದು ಹುಣ್ಣಿವಿ ಜ್ವರಾ."

ಬೀಬಿಜಾನ್ ನಕ್ಕುಬಿಟ್ಟಳು. ನನಗೆ ನಗು ಬರಲಿಲ್ಲ. ನಾವು ಮಕ್ಕಳನ್ನು ಹುಣ್ಣಿಮೆಗೆ ಶಾಲೆ ಬಿಡಿಸಿ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದುದು ನಿಜ. ಅದು ಚೈನಿಗಲ್ಲ. ಆ ಐದು ದಿನಗಳ ವ್ಯಾಪಾರದ ಮೇಲೆ ಉಳಿದ ಇಪ್ಪತ್ತೈದು ದಿನ ಬದುಕುವವರು ನಾವು. ಸಂಬಳದವರಿಗೆ ಅದು ತಿಳಿಯುವುದಿಲ್ಲ. ಬೇಕೆಂದೇ ಅವರು ಹುಣ್ಣಿಮೆಯ ದಿನ ಕಿರುಪರೀಕ್ಷೆ ಇಡುತ್ತಿದ್ದರು.

ಅವರನ್ನು ಹೊಗಳುವವರು ಒಂದು ಕತೆ ಹೇಳುತ್ತಾರೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ದಿನ ಅವರು ಬರುವ ಬಸ್ಸು ದಾರಿಯಲ್ಲಿ ಕೆಟ್ಟಿತು. ಗೇಟಿನ ಕೀಲಿ ಅವರ ಚೀಲದಲ್ಲಿ. ಇಡೀ ಶಾಲೆ, ಮಾಸ್ತರರ ಸಮೇತ, ರಸ್ತೆಯಲ್ಲಿ ನಿಂತಿತ್ತು. ಹತ್ತೂಕಾಲಿಗೆ ಬಂದರು. ಬೀಗ ತೆಗೆದು, ಮಕ್ಕಳನ್ನು ಒಳಗೆ ಬಿಟ್ಟು, ತಡವಾಗಿ ಬಂದವರ ಹೆಸರು ಬರೆಯುವ ವಹಿಯಲ್ಲಿ ತಮ್ಮ ಹೆಸರನ್ನು ತಾವೇ ಬರೆದು, ತಡವಾದ ಮಕ್ಕಳನ್ನು ನಿಲ್ಲಿಸುವ ಹಾಗೆಯೇ ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತರಂತೆ. ಇದನ್ನು ಕೇಳಿ ಎಷ್ಟೋ ಜನ ಆಹಾ ಅನ್ನುತ್ತಾರೆ. ನನಗಂತೂ ನಾಟಕ ಅನಿಸಿತು. ಶಿಕ್ಷೆಯನ್ನು ಅಷ್ಟು ಪ್ರೀತಿಸುವವರು ತಮಗೂ ಸ್ವಲ್ಪ ಬಡಿಸಿಕೊಂಡರು, ಅದರಲ್ಲೇನು ಹೆಚ್ಚಾಯಿತು?

ಬೋರ್ಡಿನ ಜೊತೆಗೆ ಇನ್ನೊಂದು ಪೀಡೆ ಇತ್ತು, ಮನೆವಹಿ. ಮಕ್ಕಳು ದಿನಾ ಸಂಜೆ ಬೋರ್ಡಿನಲ್ಲಿದ್ದದ್ದನ್ನು ಒಂದು ವಹಿಯಲ್ಲಿ ನಕಲು ಮಾಡಿಕೊಂಡು ಬರಬೇಕು, ಕೆಳಗೆ ಪಾಲಕರು ಸಹಿ ಮಾಡಿ ಕಳಿಸಬೇಕು. ಸಹಿ ಇಲ್ಲದಿದ್ದರೆ ಮಗುವನ್ನು ಒಳಗೆ ಬಿಡುತ್ತಾರೆ, ಆದರೆ ಪಾಲಕರನ್ನು ಕರೆಸುತ್ತಾರೆ. ಅಂಗಡಿಯವರಿಗೆ ಇದೊಂದು ತಲೆಬೇನೆ. ಅದಕ್ಕೆ ನಮ್ಮ ಸಾಲಿನ ಅಂಗಡಿಯವರೆಲ್ಲ ಒಂದು ದಾರಿ ಕಂಡುಕೊಂಡಿದ್ದೆವು. ಹುಣ್ಣಿಮೆಗೆ ಮೂರ್ನಾಲ್ಕು ದಿನ ಇದೆ ಅನ್ನುವಾಗ ಒಂದು ಸಂಜೆ ಕೂತು ಮುಂದಿನ ಹತ್ತು ಪುಟಗಳ ತಳದಲ್ಲಿ ಸಹಿ ಮಾಡಿ ಇಟ್ಟುಬಿಡುವುದು. ಮೇಲಿನದನ್ನು ಮಕ್ಕಳು ಬರೆದುಕೊಳ್ಳುತ್ತಾರೆ. ನನ್ನದು ಪಿಯುಸಿ ಪಾಸು ಮಾಡಿದವಳ ಸಹಿ, ಅದಕ್ಕೊಂದು ಗೆರೆ ಬೇರೆ ಎಳೆಯುತ್ತಿದ್ದೆ. ಬೀಬಿಜಾನಳಿಗೆ ಸಹಿ ಬಾರದು. ಅವಳ ಗಂಡ ಶಾಲೆಯ ಮುಂದೆ ಹಾಯುವಾಗ ಟಂಟಂ ನಿಲ್ಲಿಸಿ ಬೋರ್ಡಿನ ಫೋಟೊ ಹೊಡೆದುಕೊಂಡು ಬರುತ್ತಿದ್ದ. ಅದನ್ನು ಅವಳು ದಿನಾ ರಾತ್ರಿ ಮಗಳಿಂದ ಓದಿಸಿಕೊಂಡು, ಕೆಳಗೆ ಹೆಬ್ಬೆಟ್ಟು ಒತ್ತುತ್ತಿದ್ದಳು. "ಎದಕ್ಕ ಇಷ್ಟ್ ತ್ರಾಸು, ಹತ್ತು ಹಾಳಿಗೆ ಒಮ್ಮೆ ಒತ್ತಿಬಿಡಲ್ಲ" ಎಂದು ನಾನು ಅವಳಿಗೆ ಬುದ್ಧಿ ಹೇಳಿದ್ದೂ ಉಂಟು.

ಈ ಜಾಣತನ ಒಮ್ಮೆ ತತ್ತಿಯಲ್ಲಿ ಸಿಕ್ಕಿಬಿತ್ತು. ಬಿಸಿಯೂಟದ ಜೊತೆ ಕೋಳಿಯ ತತ್ತಿ ಕೊಡಲು ಶುರು ಮಾಡಿದ ವರ್ಷ ಅದು. ಬೇಡ ಅಂದವರಿಗೆ ಬಾಳೆಹಣ್ಣು. ಯಾರಿಗೆ ಯಾವುದು ಎಂದು ಮನೆವಹಿಯಲ್ಲಿ ಬರೆದು ಕಳಿಸಲು ಹೇಳಿದ್ದರು. ನಮ್ಮದು ಲಿಂಗ ಕಟ್ಟುವ ಮನೆ, ನಮ್ಮತ್ತೆ ತತ್ತಿ ಬೇಯಿಸಿದ ಮನೆಯ ಮುಂದೆ ಮೂಗು ಮುಚ್ಚಿಕೊಂಡು ಹೋಗುವವರು. ಒಂದು ವಾರದ ಮೇಲೆ ನನ್ನ ಮಗಳು ಊಟಕ್ಕೆ ಕೂತಾಗ ತಾನಾಗಿಯೇ ಹೇಳಿದಳು, ತತ್ತಿಯ ಒಳಗಿನ ಹಳದಿ ಪುಡಿಪುಡಿ ಇರುತ್ತದಂತೆ. ಅತ್ತೆ ತಾಟು ಬಿಟ್ಟು ಎದ್ದರು. ಮರುದಿನ ನಾನು ಶಾಲೆಗೆ ಹೋದೆ, ಜಗಳಕ್ಕೆ ಸಿದ್ಧಳಾಗಿಯೇ ಹೋದೆ.

"ನಮ್ಮನ್ನ ಕೇಳದ ನಮ್ಮ ಹುಡುಗಿಗೆ ತತ್ತಿ ಹೆಂಗ ಕೊಟ್ರಿ?"

ದೊಡ್ಡಕ್ಕೋರು ಮಗಳ ಚೀಲದಿಂದ ವಹಿ ತರಿಸಿ ಪುಟ ತೆರೆದರು. ಅಲ್ಲಿ ಮಗಳ ದುಂಡನೆಯ ಅಕ್ಷರದಲ್ಲಿ "ತತ್ತಿ" ಎಂದಿತ್ತು. ಕೆಳಗೆ ಗೆರೆ ಎಳೆದ ನನ್ನ ಸಹಿ.

"ಇದು ಯಾರ ಸಹಿ ರೀ ಪಾಲಕರ?"

ನಂದಲ್ಲ ಅನ್ನಲು ಬರುವುದಿಲ್ಲ, ಓದದೆ ಮಾಡಿದ್ದು ಅನ್ನಲೂ ಬರುವುದಿಲ್ಲ. ಅವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಾಗಿದೆ ಎಂದು ಹೇಳದೆ ವಹಿ ಮುಚ್ಚಿ ನನ್ನ ಕೈಗೆ ಕೊಟ್ಟರು. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಮನೆಗೆ ಬಂದು ನಾನು ಮಗಳಿಗೆ ಎರಡು ಬಿಗಿದೆ. ಪುಟಕ್ಕೆ ಮೊದಲೇ ಸಹಿ ಹಾಕುವುದನ್ನು ಬಿಟ್ಟೆನೇ? ಬಿಡಲಿಲ್ಲ.

ಈಗ ಆ ಜನವರಿಯ ಮಾತಿಗೆ ಬರುತ್ತೇನೆ. ಇಲ್ಲಿಯವರೆಗೆ ಹೇಳಿದ್ದೆಲ್ಲ ಸಣ್ಣ ಸಿಟ್ಟು.

ಮಗಳು ಆಗ ಐದನೇತ್ತ, ಅಂದರೆ ಐದನೇ ತರಗತಿ. ಓದಿನಲ್ಲಿ ಚುರುಕು. ಆರನೇತ್ತಕ್ಕೆ ಸರ್ಕಾರಿ ವಸತಿ ಶಾಲೆಗೆ ಹೋಗಬೇಕು ಎಂದು ಅವಳೇ ಹಟ ಹಿಡಿದಿದ್ದಳು. ಊಟ, ವಸತಿ, ಪುಸ್ತಕ ಎಲ್ಲ ಅಲ್ಲಿಯೇ. ಪ್ರವೇಶ ಪರೀಕ್ಷೆ ಬರೆಯಬೇಕು, ಆ ವರ್ಷ ತಪ್ಪಿದರೆ ತಪ್ಪಿತು, ಮತ್ತೆ ಅವಕಾಶವಿಲ್ಲ. ಬೀಬಿಜಾನಳ ಮಗಳೂ ಇವಳೂ ಸೇರಿ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದರು. ಅಂಗಡಿಯ ಹಿಂದೆ ಕಾಯಿಯ ಚೀಲಗಳ ಮೇಲೆ ಕೂತು ಗಣಿತ ಮಾಡುತ್ತಿದ್ದುದನ್ನು ನೋಡಿ ನನ್ನ ಜೀವ ಹಿಗ್ಗುತ್ತಿತ್ತು. ನಾನು ಕಲಿತದ್ದು ಕುಂಕುಮದ ಪೊಟ್ಟಣ ಕಟ್ಟುವುದರಲ್ಲಿ ಮುಗಿದಿತ್ತು. ಇವಳಾದರೂ ಆಚೆಗೆ ಹೋಗಲಿ ಎಂಬ ಆಸೆ ನನಗೆ ಬಹಳ ಇತ್ತು.

ಬನದ ಹುಣ್ಣಿಮೆಯ ವಾರ. ರಸ್ತೆಯ ತುಂಬ ಚಕ್ಕಡಿ, ಟ್ರ್ಯಾಕ್ಟರು, ಜೀಪು. ಗುರುವಾರ ಸಂಜೆ ನಾಲ್ಕರ ಸುಮಾರು ಬೀಬಿಜಾನ್ ನಮ್ಮ ಅಂಗಡಿಗೆ ಬಗ್ಗಿ ಕೇಳಿದಳು: "ಅಕ್ಕಾ, ಹುಡುಗೀದು ಸಹಿ ಮಾಡಿಸಿಕೊಂಡ್ರೇನು? ನಮ್ಮವರು ನಿನ್ನೇನ ಮಾಡಿಸ್ಕೊಂಡ್ ಬಂದ್ರು. ಇವತ್ತ ಕಡೀದಿನ ಅಂತ."

ನನ್ನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಯಾವ ಸಹಿ, ಯಾವ ಕಡೆಯ ದಿನ? ಮಗಳ ಅರ್ಜಿ ನಮ್ಮವರು ಸೈಬರ್‌ನಲ್ಲಿ ತೆಗೆಸಿ ಇಟ್ಟಿದ್ದರು. ಆಧಾರ್ ಪ್ರತಿ, ಜಾತಿ ಆದಾಯದ ಪತ್ರ, ಎರಡು ಫೋಟೊ ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿದ್ದವು. ಅದಕ್ಕೆ ಮುಖ್ಯಶಿಕ್ಷಕರ ಸಹಿ, ಮುದ್ರೆ ಬೇಕು. ಶುಕ್ರವಾರ ಸಲ್ಲಿಸಲು ಕೊನೆ. ಶುಕ್ರವಾರ ದೊಡ್ಡಕ್ಕೋರಿಗೆ ಹೊರಗೆ ಮೀಟಿಂಗು, ಅದಕ್ಕೆ ಗುರುವಾರ ಸಂಜೆಯೊಳಗೆ ಬರಬೇಕೆಂದು ಬೋರ್ಡಿನ ಮೇಲೆ ವಾರದಿಂದ ಬರೆದಿತ್ತಂತೆ. ನಾನು ಗಿರಾಕಿಗಳನ್ನು ನಮ್ಮವರಿಗೆ ಒಪ್ಪಿಸಿ ಚೀಲ ಹಿಡಿದು ಓಡಿದೆ. ಟಂಟಂ ಮುಂದೆ ಹೋಗದು, ಅಷ್ಟು ಜನ. ಇಳಿದು, ಎತ್ತುಗಳ ನಡುವೆ ನುಸುಳಿ, ಸೆರಗು ಎಲ್ಲೋ ಸಿಕ್ಕಿ ಹರಿದು, ಶಾಲೆ ಮುಟ್ಟಿದಾಗ ನಾಲ್ಕು ನಲವತ್ತು.

ದೊಡ್ಡಕ್ಕೋರು ಆಫೀಸಿನ ಬಾಗಿಲಿಗೆ ಬೀಗ ಹಾಕಿ, ಅದನ್ನು ಎರಡು ಸಲ ಎಳೆದು ನೋಡುತ್ತಿದ್ದರು. ಮಗಳು ಚೀಲ ಬೆನ್ನಿಗೆ ಹಾಕಿಕೊಂಡು ಗೇಟಿನ ಬಳಿ ನಿಂತಿದ್ದಳು.

"ಅಕ್ಕೋರ, ಒಂದು ಸಹಿ. ರಸ್ತೇದಾಗ ಸಿಕ್ಕೊಂಡಿದ್ನಿರಿ."

"ನಾಲ್ಕೂವರಿಗೆ ಮುಗೀತ್ರಿ ಪಾಲಕರ. ನನಗ ಬಸ್ ಐತಿ."

"ಹತ್ತು ನಿಮಿಷಾ ತಡಾ ಆಗೈತ್ರಿ ಅಷ್ಟ. ನನಗ ಗೊತ್ತ ಇರಲಿಲ್ರಿ."

ಅವರು ಮಗಳ ಕಡೆ ಕೈ ಚಾಚಿದರು. ಮಗಳು ವಹಿ ತೆಗೆದು ಕೊಟ್ಟಳು. ಒಂದೊಂದೇ ಪುಟ ತಿರುಗಿಸಿ ನನ್ನ ಮುಂದೆ ಹಿಡಿದರು. ಐದು ಪುಟಗಳಲ್ಲಿ ಅದೇ ಸೂಚನೆ, ಐದರ ಕೆಳಗೂ ನನ್ನ ಸಹಿ. ಗೆರೆ ಸಮೇತ.

"ಇವತ್ತ ನಿಮಗ ಮಾಡಿಕೊಟ್ರ ನಾಳೆ ಯಾರೂ ಓದಂಗಿಲ್ರಿ" ಎಂದು ಗೇಟು ಹಾಕಿ ನಡೆದರು.

ಇಷ್ಟೇ ಆಗಿದ್ದರೆ ಬಸ್ಸಿನ ಅವಸರ, ಪಾಪ, ಎಂದು ನಾನೂ ಅಂದುಕೊಳ್ಳುತ್ತಿದ್ದೆ. ಆದರೆ ಬಸ್ಸು ಬರಲಿಲ್ಲ. ಹುಣ್ಣಿಮೆಯ ದಟ್ಟಣೆಯಲ್ಲಿ ಯಾವ ಬಸ್ಸು ಹೊತ್ತಿಗೆ ಬರುತ್ತದೆ? ಬಸ್ ನಿಲ್ದಾಣ ಶಾಲೆಯ ಎದುರಿಗೇ, ಐವತ್ತು ಹೆಜ್ಜೆ. ಅವರು ಅಲ್ಲಿ ಛತ್ರಿ ಬಿಚ್ಚಿಕೊಂಡು ನಿಂತರು. ನಾನು ಅವರ ಪಕ್ಕ ಅರ್ಜಿ ಹಿಡಿದು ನಿಂತೆ, ಮಗಳು ನನ್ನ ಪಕ್ಕ. ಐದು ಗಂಟೆಯಾಯಿತು, ಐದೂವರೆಯಾಯಿತು. ಕೀಲಿಕೈ ಅವರ ಚೀಲದಲ್ಲಿತ್ತು, ಕಣ್ಣೆದುರಿಗೆ ಆಫೀಸಿನ ಬಾಗಿಲಿತ್ತು. ನಾನು ಊರಿನಲ್ಲಿ ಯಾರ ಮುಂದೆಯೂ ತಲೆ ಬಗ್ಗಿಸಿದವಳಲ್ಲ. ಅವತ್ತು ರಸ್ತೆಯಲ್ಲಿ, ಬರುವವರು ಹೋಗುವವರು ನೋಡುತ್ತಿದ್ದ ಹಾಗೆ, ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು.

"ಏಳ್ರಿ ಪಾಲಕರ. ಮಗಳ ಮುಂದ ಹಿಂಗ ಮಾಡಬಾರ್ದು."

ಮಗಳ ಬಗ್ಗೆ ಅವರಿಗೆ ಅಷ್ಟು ಕಾಳಜಿ! ನಾನು ನೀರು ಕುಡಿದು ಬರುತ್ತೇನೆಂದು ಎದುರಿನ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ಅಳಲು ಹೋದೆ. ಬರುವಾಗ ಅವರು ಬಾಗಿ ಮಗಳಿಗೆ ಏನೋ ಅನ್ನುತ್ತಿದ್ದರು. ಆರಕ್ಕೆ ಬಸ್ಸು ಬಂತು. ಹತ್ತಿ ಹೋದರು. ಒಂದು ಗಂಟೆ ಇಪ್ಪತ್ತು ನಿಮಿಷ ಅವರು ಅಲ್ಲಿ ನಿಂತಿದ್ದರು, ಸಹಿಗೆ ಬೇಕಾದದ್ದು ಒಂದು ನಿಮಿಷ.

ಮರುದಿನ ನಮ್ಮವರು ಮೀಟಿಂಗ್ ಎಲ್ಲಿದೆಯೆಂದು ವಿಚಾರಿಸಿ ಬೈಕಿನಲ್ಲಿ ಸವದತ್ತಿಗೆ ಹೋದರು. ಮುದ್ರೆ ಶಾಲೆಯಲ್ಲಿದೆ ಎಂದು ಬಾಗಿಲಲ್ಲೇ ಹೇಳಿ ಕಳಿಸಿದರಂತೆ. ಬೀಬಿಜಾನಳ ಮಗಳು ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ಜೂನ್‌ನಲ್ಲಿ ಟ್ರಂಕು ಹೊತ್ತು ಹೋಗುವಾಗ ನನ್ನ ಮಗಳು ಅವಳನ್ನು ಬಸ್ಸಿನವರೆಗೆ ಬಿಟ್ಟು ಬಂದು, ಅಂಗಡಿಯ ಹಿಂದೆ ಹೋಗಿ ಆ ಹಳೆಯ ಪ್ರಶ್ನೆಪತ್ರಿಕೆಗಳಿಂದ ಕುಂಕುಮದ ಪೊಟ್ಟಣ ಮಾಡಲು ಕೂತಳು. ಅದನ್ನು ನೋಡಿದ ದಿನವೇ ನಾನು ತೀರ್ಮಾನ ಮಾಡಿದೆ.

ಶಿಕ್ಷಣ ಇಲಾಖೆಗೆ ಅರ್ಜಿ ಬರೆದೆ. ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುತ್ತಾರೆ, ಪಾಲಕರಿಗೆ ಅವಮಾನ ಮಾಡುತ್ತಾರೆ, ಊರ ಮನೆತನಗಳ ಆಚಾರಕ್ಕೆ ವಿರುದ್ಧ ಊಟ ಕೊಡುತ್ತಾರೆ. ಕೊನೆಯದು ಬರೆಯುವಾಗ ಗೆರೆ ಎಳೆದ ನನ್ನ ಸಹಿ ನೆನಪಾಯಿತು, ಆದರೂ ಬರೆದೆ. ನಮ್ಮ ಸಾಲಿನ ಅಂಗಡಿಯವರೆಲ್ಲ ಸಹಿ ಹಾಕಿದರು. ಒಬ್ಬರೂ ಓದಲಿಲ್ಲ. ಬೀಬಿಜಾನ್ ಮಾತ್ರ "ಯಾರರೆ ಓದಿ ಹೇಳ್ಲಿ, ಆಮ್ಯಾಲೆ ಒತ್ತತೇನಿ" ಎಂದಳು. ನಾನು ಅವಳ ಹತ್ತಿರ ಮತ್ತೆ ಹೋಗಲಿಲ್ಲ. ವರ್ಷ ತುಂಬುವುದರೊಳಗೆ ದೊಡ್ಡಕ್ಕೋರಿಗೆ ರಾಮದುರ್ಗದ ಆಚೆಯ ಯಾವುದೋ ಹಳ್ಳಿಗೆ ವರ್ಗವಾಯಿತು. ಅವರ ಊರಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಜಾಗ. ನನ್ನ ಅರ್ಜಿಯಿಂದಲೇ ಆಯಿತೋ, ತಾನಾಗಿ ಆಯಿತೋ ಗೊತ್ತಿಲ್ಲ. ನನ್ನಿಂದಲೇ ಆಯಿತೆಂದು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಹೊಸದಾಗಿ ಬಂದ ಸರ್ ಎಲ್ಲವನ್ನೂ ಮೊಬೈಲಿನಲ್ಲಿ ಹಾಕುತ್ತಾರೆ. ಒಳ್ಳೆಯವರು. ನಾವು ಅದನ್ನೂ ಓದುವುದಿಲ್ಲ.

ಸೋಮವಾರ ಸಂಜೆ ಮಗಳಿಗೆ ಸುದ್ದಿ ಹೇಳಿದೆ. ಅವಳೀಗ ಸವದತ್ತಿಯಲ್ಲಿ ಎಂಟನೇತ್ತ. ಫೋಟೊ ನೋಡುತ್ತ ನಿಂತವಳು ಅತ್ತುಬಿಟ್ಟಳು. ನನಗೆ ಮೈ ಉರಿಯಿತು.

"ನಿನ್ನ ಬಾಳೇವು ಹಾಳು ಮಾಡಿದಾಕಿ ಸಲುವಾಗಿ ಅಳತೀಯೇನ?"

ಅವಳು ಮೊಬೈಲನ್ನು ನನ್ನ ಕೈಗೆ ವಾಪಸು ಕೊಟ್ಟಳು. ಆಮೇಲೆ ಹೇಳಿದಳು.

"ನಾ ನಿನಗ ಮೂರು ದಿನ ಹೇಳಿದ್ನೆವ್ವಾ, ಸಹಿ ಮಾಡ್ಸಬೇಕು ಅಂತ. ಅಂಗಡ್ಯಾಗ ಬಂದು ಹೇಳೇನಿ. ಹುಣ್ಣಿವಿ ಮುಗೀಲಿ, ತಲಿ ತಿನ್ನಬ್ಯಾಡ ಅಂದಿ."

ನನಗೆ ನೆನಪಿಲ್ಲ. ಆಣೆ ಮಾಡಿ ಹೇಳುತ್ತೇನೆ, ನೆನಪಿಲ್ಲ. ಆದರೆ ಆ ಮಾತು ನನ್ನದೇ, ಹುಣ್ಣಿಮೆಯ ವಾರದಲ್ಲಿ ನಾನು ದಿನಕ್ಕೆ ಹತ್ತು ಸಲ ಅನ್ನುವ ಮಾತು.

"ಅವತ್ತ ನೀ ನೀರು ಕುಡ್ಯಾಕ ಹೋದಾಗ ಅಕ್ಕೋರು ನನ್ನ ಕೇಳಿದ್ರು. ಮನ್ಯಾಗ ಬಾಯಿಲೆ ಹೇಳಿದ್ದಿಲ್ಲೇನು, ಖರೇ ಹೇಳು ಅಂತ. ಹೇಳೇನಿ ಅಂದ್ರ ನಿನಗ ಬೈತಾರಂತ, ಮರ್ತಿದ್ನಿರಿ ಅಂದೆ. ಹಂಗಾದ್ರ ತಪ್ಪು ನಿಂದ ಆತಲ್ಲವಾ ಅಂದ್ರು. ಹೂನ್ರಿ ಅಂದೆ."

ಹತ್ತು ವರ್ಷದ ಹುಡುಗಿಗೆ ರಸ್ತೆಯಲ್ಲಿ ನಿಂತು ತಪ್ಪು ನಿಂದೇ ಅಂದ ಹೆಂಗಸನ್ನು ನಾನು ಹೇಗೆ ಕ್ಷಮಿಸಲಿ? ಕ್ಷಮಿಸುವುದಿಲ್ಲ. ಕೀಲಿ ಅವರ ಚೀಲದಲ್ಲೇ ಇತ್ತು, ಬಸ್ಸು ಬಂದದ್ದು ಆರಕ್ಕೇ. ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಈ ಮೂರು ವರ್ಷ ರಾತ್ರಿ ಊಟದ ಹೊತ್ತಿಗೆ ನಾನು ದೊಡ್ಡಕ್ಕೋರಿಗೆ ಶಾಪ ಹಾಕುವಾಗೆಲ್ಲ ಮಗಳು ನನ್ನ ಎದುರಿಗೇ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತ ಕೂತಿರುತ್ತಿದ್ದಳು. ಅವಳೂ ಅವರನ್ನೇ ಬೈದುಕೊಳ್ಳುತ್ತಿದ್ದಾಳೆ ಎಂದು ನಾನು ತಿಳಿದಿದ್ದೆ.